ಇಂಗ್ಲಿಷಿಗೆ ಕಟ್ಟಿದ ಒಡಪುಗಳು

ಕಿವಿಗೆ ಒಂದೇ ಥರ ಕೇಳಿಸುವ ಎರಡು ಮಾತುಗಳನ್ನು ಎರಡು ಥರ ಬರೆಯಬೇಕು ಎಂದು ನಾನು ಮೊದಲ ಸಲ ಹೇಳಿದಾಗ ನನ್ನ ನೆಗೆಣ್ಣಿ ಪೆನ್ನು ಕೆಳಗಿಟ್ಟಳು. ಸೆರಗಿಗೆ ಕೈ ಒರೆಸಿಕೊಂಡು, "ಇದು ಸುಳ್ಳ ಹೇಳೂ ಭಾಷಾ ಐತಿ ಬಿಡ್ರಿ ಅಕ್ಕಾ" ಎಂದಳು. ನನಗೆ ಸಿಟ್ಟು ಬಂತು. ಇಷ್ಟು ವರ್ಷ ಆ ಭಾಷೆಯನ್ನು ಕಲಿಸಿಯೇ ಅನ್ನ ತಿಂದವಳು ನಾನು. ಅದನ್ನು ಯಾರಾದರೂ ಬೈದರೆ ನನ್ನ ತವರಿನವರನ್ನು ಬೈದಷ್ಟು ಕೋಪ ಬರುತ್ತದೆ. ಆದರೆ ಅವಳು ಹೇಳಿದ್ದು ಪೂರ್ತಿ ತಪ್ಪೂ ಅಲ್ಲ. ಕನ್ನಡದಲ್ಲಿ ಬಾಯಿಗೆ ಬಂದದ್ದನ್ನು ಬರೆದರೆ ಕೆಲಸ ಮುಗಿಯಿತು. ಇಂಗ್ಲಿಷಿನಲ್ಲಿ ವಾರವೂ ವೀಕ್, ಅಶಕ್ತಿಯೂ ವೀಕ್. ಬರೆಯುವುದೂ ರೈಟ್, ಸರಿ ಎನ್ನುವುದೂ ರೈಟ್. ಇದಕ್ಕೆ ಕಾರಣ ಏನು ಎಂದು ನನ್ನ ವಿದ್ಯಾರ್ಥಿಗಳು ಕೇಳಿದಾಗಲೆಲ್ಲ ನಾನು "ಇರೋದೇ ಹಾಗೆ, ಬರಕೊಳ್ರಿ" ಎಂದು ಗದರಿಸಿ ಮುಂದಿನ ಪಾಠಕ್ಕೆ ಹೋದವಳು.

ನೆಗೆಣ್ಣಿ ಎಂದರೆ ನನ್ನ ಮೈದುನನ ಹೆಂಡತಿ. ನಾನು ಹಿರಿಯ ಸೊಸೆ, ಅವಳು ಕಿರಿಯಳು. ನಾನೂ ನಮ್ಮವರೂ ಇರುವುದು ವಿಜಯಪುರದ ಜಲನಗರದಲ್ಲಿ. ಅವರು ಆಫೀಸಿಗೆ ಹೋಗುತ್ತಾರೆ, ನಾನು ದಿನಾ ಬಸ್ಸು ಹಿಡಿದು ಬಬಲೇಶ್ವರದ ಕಡೆಯ ಒಂದು ಹೈಸ್ಕೂಲಿಗೆ ಇಂಗ್ಲಿಷ್ ಕಲಿಸಲು ಹೋಗುತ್ತೇನೆ. ಮೈದುನ, ನೆಗೆಣ್ಣಿ ಮತ್ತು ಅತ್ತೆ ಕಳ್ಳಕವಟಗಿಯಲ್ಲಿದ್ದಾರೆ. ಅಲ್ಲಿ ಒಂದು ದ್ರಾಕ್ಷಿ ತೋಟ, ಒಂದಿಷ್ಟು ಜೋಳದ ಹೊಲ, ಎಮ್ಮೆಗಳು. ಅವರ ಮಕ್ಕಳು ಹಾಸ್ಟೆಲಿನಲ್ಲಿದ್ದು ಓದುತ್ತಾರೆ. ನೆಗೆಣ್ಣಿಯರೆಂದರೆ ಕಚ್ಚಾಡಬೇಕು ಎಂದು ಊರವರು ಕಾಯುತ್ತಿರುತ್ತಾರೆ. ನಾವು ಅವರಿಗೆ ಆ ಸುಖ ಕೊಟ್ಟಿರಲಿಲ್ಲ. ಹಾಗೆಂದು ಜೀವಕ್ಕೆ ಜೀವ ಕೊಡುವವರೂ ಆಗಿರಲಿಲ್ಲ. ಹಬ್ಬಕ್ಕೆ ಹೋದಾಗ ಅವಳು ರೊಟ್ಟಿ ಬಡಿಯುವಳು, ನಾನು ಪಲ್ಯಕ್ಕೆ ಹೆಚ್ಚಿ ಕೊಡುವೆ, ಸೀರೆಯ ಬಗ್ಗೆ ನಾಲ್ಕು ಮಾತಾಡುವೆವು. ಅಲ್ಲಿಗೆ ಮುಗಿಯಿತು.

ಒಂದು ದೀಪಾವಳಿಯಲ್ಲಿ ಅದು ಅಲ್ಲಿಗೆ ಮುಗಿಯಲಿಲ್ಲ. ರೊಟ್ಟಿ ಹಂಚಿಗೆ ಹಾಕಿ, ನನ್ನ ಮುಖ ನೋಡದೆ ಅವಳು ಹೇಳಿದಳು, "ಅಕ್ಕಾ, ನಮ್ಮ ಊರ ಅಂಗನವಾಡಿ ಆಯಾ ಮುಂದಿನ ವರ್ಷ ರಿಟೈರ್ ಆಗ್ತಾಳಂತ."

"ಆಗಲಿ ಬಿಡು, ವಯಸ್ಸಾತಲ್ಲ" ಎಂದೆ.

"ಆ ಜಾಗಾಕ್ಕ ಎಸ್ಸೆಸ್ಸೆಲ್ಸಿ ಪಾಸ್ ಆಗಿರಬೇಕಂತ."

ಆಗ ನನಗೆ ತಿಳಿಯಿತು. ಅವಳು ಎಸ್ಸೆಸ್ಸೆಲ್ಸಿಯಲ್ಲಿ ಉಳಿದೆಲ್ಲ ವಿಷಯ ಪಾಸಾಗಿ ಇಂಗ್ಲಿಷ್ ಒಂದರಲ್ಲಿ ಫೇಲಾದವಳು. ಮತ್ತೆ ಪರೀಕ್ಷೆ ಬರುವ ಹೊತ್ತಿಗೆ ನಮ್ಮ ಮನೆಗೆ ಸೊಸೆಯಾಗಿ ಬಂದು ಎಮ್ಮೆಗೆ ಮೇವು ಹಾಕುತ್ತಿದ್ದಳು. ಆಮೇಲೆ ಬಸಿರು, ಬಾಣಂತನ, ತೋಟ. ಈಗ ಆ ಕೆಲಸಕ್ಕೆ ವಯಸ್ಸಿನ ಮಿತಿಯೂ ಇತ್ತು. ಬರುವ ಪರೀಕ್ಷೆಯಲ್ಲಿ ಪಾಸಾದರೆ ಅರ್ಜಿ ಹಾಕಬಹುದು. ಅದೂ ತಪ್ಪಿದರೆ ವಯಸ್ಸು ಮೀರಿತು, ಆಸೆಯೂ ಮುಗಿಯಿತು. ಆ ಕೆಲಸದ ಸಂಬಳ ಎಷ್ಟೆಂದು ನನಗೆ ಗೊತ್ತಿತ್ತು, ಅಷ್ಟಕ್ಕಾಗಿ ಇಷ್ಟು ಒದ್ದಾಟ ಯಾಕೆ ಎಂದು ಕೇಳಿದೆ.

"ರೊಕ್ಕಕ್ಕಲ್ರಿ" ಎಂದಳು. "ಮುಂಜಾನೆ ಎದ್ದು ಚಲೋ ಸೀರಿ ಉಟ್ಟು ನಾ ಒಂದ ಕಡೆ ಹೋಗಬೇಕು. ನಾ ಒಂದಿನ ಹೋಗಲಿಲ್ಲಂದ್ರ ಅಲ್ಲಿ ಹುಡುಗೂರು ಕೇಳಬೇಕು, ಯಾಕ ಬಂದಿಲ್ಲ ಅಂತ."

ಇಷ್ಟು ಕೇಳಿದ ಮೇಲೆ ನನಗೆ ಒಲ್ಲೆ ಎನ್ನಲಾಗಲಿಲ್ಲ. ನಿಜ ಹೇಳಬೇಕೆಂದರೆ ನನಗೆ ಸ್ವಲ್ಪ ಹೆಮ್ಮೆಯೂ ಆಯಿತು, ಕೇಳುವುದಕ್ಕೆ ನನ್ನನ್ನೇ ಆರಿಸಿಕೊಂಡಳಲ್ಲ ಎಂದು.

ಹೀಗೆ ಭಾನುವಾರಗಳು ಶುರುವಾದವು. ನಾನು ಟಿಕೋಟಾದವರೆಗೆ ಬಸ್ಸಿನಲ್ಲಿ ಹೋಗುವುದು, ಅಲ್ಲಿ ಮೈದುನ ಬೈಕು ತಂದು ನಿಂತಿರುವುದು. ಆತ ಮಾತು ಕಡಿಮೆಯ ಮನುಷ್ಯ. "ಬರ್ರಿ ವೈನಿ" ಎಂದು ಅತ್ತಿಗೆಯನ್ನು ಕರೆಯುವುದು ಬಿಟ್ಟರೆ ಊರು ಮುಟ್ಟುವವರೆಗೆ ಅವನ ಬೈಕೇ ಹೆಚ್ಚು ಮಾತಾಡುತ್ತಿತ್ತು. ಪಡಸಾಲೆಯಲ್ಲಿ ಚಾಪೆ ಹಾಸಿ ನೆಗೆಣ್ಣಿ ತಯಾರಾಗಿ ಕೂತಿರುತ್ತಿದ್ದಳು. ತಲೆ ಬಾಚಿ, ಹೂವು ಮುಡಿದು. ಮದುವೆಗೆ ಹೋಗುವವಳಂತೆ ಯಾಕೆ ತಯಾರಾಗುತ್ತೀ ಎಂದರೆ, "ಸಾಲಿಗೆ ಹಂಗ ಬರಬಾರದಲ್ರಿ" ಎನ್ನುತ್ತಿದ್ದಳು.

ಪದ್ಯಗಳನ್ನು ಅವಳು ಸಲೀಸಾಗಿ ಬಾಯಿಪಾಠ ಮಾಡಿದಳು. ರಜೆ ಕೇಳುವ ಪತ್ರ, ಪಂಚಾಯ್ತಿ ಅಧ್ಯಕ್ಷರಿಗೆ ಬರೆಯುವ ಪತ್ರ, ಎಲ್ಲಿ ಯಾವ ವಿಳಾಸ, ಎಲ್ಲಿ ಸಹಿ, ಅದೂ ಬಂತು. ಬಾರದೆ ಹಟ ಹಿಡಿದು ಕೂತದ್ದು ಈ ಜೋಡಿ ಪದಗಳು. ಪ್ರಶ್ನೆಪತ್ರಿಕೆಯಲ್ಲಿ ನೇರವಾಗಿ ಅವುಗಳ ಮೇಲೆ ಬರುವುದು ಒಂದೋ ಎರಡೋ ಅಂಕದ ಪ್ರಶ್ನೆ. ಆದರೆ ಪತ್ರ ಬರೆಯಲಿ, ಪ್ರಬಂಧ ಬರೆಯಲಿ, ಅವೇ ಬಂದು ಕಾಲಿಗೆ ತೊಡರುತ್ತಿದ್ದವು. ಜ್ವರ ಬಂದು ಅಶಕ್ತಳಾಗಿದ್ದೇನೆ ಎಂದು ಬರೆಯಬೇಕಾದ ಕಡೆ ಅವಳು ತಾನು ಒಂದು ವಾರವಾಗಿದ್ದೇನೆ ಎಂದು ಬರೆಯುತ್ತಿದ್ದಳು. ನಾನು ಕೆಂಪು ಪೆನ್ನಿನಿಂದ ಗೆರೆ ಎಳೆದರೆ, ತನ್ನ ಬರಹವನ್ನು ತಾನೇ ಗಟ್ಟಿಯಾಗಿ ಓದಿ, "ಸರಿ ಐತೆಲ್ರಿ, ಕೇಳ್ರಿ ಬೇಕಾದ್ರ" ಎನ್ನುತ್ತಿದ್ದಳು. ಕೇಳಿದರೆ ಸರಿಯಾಗಿಯೇ ಇರುತ್ತಿತ್ತು. ಅದೇ ತೊಂದರೆ.

ಒಂದು ಭಾನುವಾರ ನಾನು ತರಗತಿಯಲ್ಲಿ ಬಳಸುವ ಉಪಾಯ ತೆಗೆದೆ. ಕೇಳು ಎನ್ನುವ ಅರ್ಥದ ಹಿಯರ್ ಮತ್ತು ಇಲ್ಲಿ ಎನ್ನುವ ಹಿಯರ್ ಎರಡನ್ನೂ ಬರೆದು, "ನೋಡು, ಈ ಕೇಳೂ ಹಿಯರಿನ ಹೊಟ್ಟ್ಯಾಗ ಇಯರ್ ಐತಿ. ಕಿವಿ. ಕಿವಿ ಇದ್ದದ್ದು ಕೇಳತೈತಿ" ಎಂದೆ.

ಅವಳು ಬಗ್ಗಿ ನೋಡಿದಳು. "ಇಯರ್ ಅಂದ್ರ ವರ್ಷ ಅಲ್ಲೇನ್ರಿ? ಹ್ಯಾಪಿ ನ್ಯೂ ಇಯರ್ ಅಂತಾರಲ್ಲ."

"ಅದು ಬ್ಯಾರೆ ಇಯರ್. ಅದಕ್ಕ ಮುಂದ ವೈ ಐತಿ. ಇದು ಕಿವಿ ಇಯರ್."

"ನೀವು ಎರಡೂ ಒಂದ ಥರಾನ ಅಂತೀರಲ್ರಿ."

ನಾನು ಇನ್ನೊಮ್ಮೆ ಅಂದು ನೋಡಿದೆ. ಹೌದು, ನನ್ನ ಬಾಯಲ್ಲಿ ಎರಡೂ ಒಂದೇ ಥರ ಹೊರಟವು. ವಿಜಯಪುರದ ನಾಲಿಗೆಗೆ ವರ್ಷವೂ ಇಯರ್, ಕಿವಿಯೂ ಇಯರ್. ಗುರುತು ಹಿಡಿಯಲು ಕೊಟ್ಟ ಗುರುತಿಗೇ ಇನ್ನೊಂದು ಗುರುತು ಬೇಕಾಯಿತು. ಜಗಲಿಯ ಮೇಲೆ ಕೂತು ಬೆಳ್ಳುಳ್ಳಿ ಬಿಡಿಸುತ್ತಿದ್ದ ಅತ್ತೆ ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕದ್ದು ನನಗೆ ಕಾಣಿಸಿತು. ನನ್ನ ತಲೆ ಚಿಟ್ಟು ಹಿಡಿಯಿತು.

"ಮದುವ್ಯಾಗ ಬಾಗಿಲ ತಡದು ಕೇಳಿದ್ರ ನಿಂತ ನಿಂತಲ್ಲೇ ಹತ್ತ ಒಡಪ ಹೇಳ್ತಿ" ಎಂದು ರೇಗಿದೆ. "ಎರಡ ಸ್ಪೆಲ್ಲಿಂಗ್ ನೆನಪಿಡಾಕ ಆಗಂಗಿಲ್ಲೇನು ನಿನಗ?"

ಅವಳು ನೋಟ್‌ಬುಕ್ಕು ಮುಚ್ಚಿ ಚಾಪೆ ಸುತ್ತಿದಳು. ಆ ದಿನದ ಪಾಠ ಅಲ್ಲಿಗೆ ನಿಂತಿತು.

ಒಡಪಿನ ಬಗ್ಗೆ ನಮ್ಮ ಕಡೆಯವರಲ್ಲದವರಿಗೆ ಸ್ವಲ್ಪ ಹೇಳಬೇಕು. ನಮ್ಮಲ್ಲಿ ಹೆಂಡತಿ ಗಂಡನ ಹೆಸರು ಹೇಳುವುದಿಲ್ಲ. ಹೇಳಿದರೆ ಅವನ ಆಯುಷ್ಯ ಕಡಿಮೆಯಾಗುತ್ತದೆ ಎಂದು ನಮ್ಮತ್ತೆಯಂಥವರು ಇಂದಿಗೂ ನಂಬುತ್ತಾರೆ. ಗಂಡನೂ ಹೆಂಡತಿಯ ಹೆಸರು ಹಿಡಿದು ಕರೆಯುವುದಿಲ್ಲ. "ಏ, ಕೇಳಿಲ್ಲೆ" ಎಂದರೆ ಯಾರನ್ನು ಕರೆದದ್ದೆಂದು ಮನೆಯವರಿಗೆಲ್ಲ ಗೊತ್ತಾಗುತ್ತದೆ. ಜಲನಗರದ ನನ್ನ ಮನೆಯಲ್ಲಿ ಇಷ್ಟು ಕಟ್ಟುನಿಟ್ಟಿಲ್ಲವಾದರೂ ಅತ್ತೆಯ ಎದುರು ನಾನೂ "ಇವರು", "ಅವರು" ಎಂದೇ ದಾಟಿಸುತ್ತೇನೆ. ಗಂಡನ ಹೆಸರು ಬಾಯಿಗೆ ಬರಬಹುದಾದದ್ದು ಒಡಪಿನಲ್ಲಿ ಮಾತ್ರ. ಮದುವೆಯಲ್ಲಿ, ಸೀಮಂತದಲ್ಲಿ ಹೆಂಗಸರು ದಾರಿಗೆ ಅಡ್ಡ ನಿಂತು ಹೆಸರು ಹೇಳು ಎಂದು ಕಾಡುತ್ತಾರೆ. ಆಗ ಪ್ರಾಸ ಕೂಡಿಸಿ ಎರಡು ಸಾಲು ಕಟ್ಟಿ, ಅದರೊಳಗೆ ಹೆಸರನ್ನು ಮುಚ್ಚಿಟ್ಟು ಹೇಳಬೇಕು. ನನ್ನ ನೆಗೆಣ್ಣಿ ಈ ಕೆಲಸದಲ್ಲಿ ಎತ್ತಿದ ಕೈ. ಸುತ್ತಲಿನ ಊರಿನ ಮದುವೆಗಳಲ್ಲಿ ಅವಳಿಗಾಗಿಯೇ ಹೆಂಗಸರು ಬಾಗಿಲು ತಡೆಯುತ್ತಿದ್ದರು.

ಮುಂದಿನ ಭಾನುವಾರ ನಾನು ಚಪ್ಪಲಿ ಬಿಡುವ ಮೊದಲೇ ಅವಳು, "ಅಕ್ಕಾ, ವಾರದ ವೀಕ್ ಕೇಳ್ರಿ" ಎಂದಳು. ನಾನು ಕೇಳಿದೆ. ಅವಳು ಕಣ್ಣು ಮುಚ್ಚಿ, ಮದುವೆಯ ಧಾಟಿಯಲ್ಲೇ ಹೇಳಿದಳು. ಹೆಸರು ಬಂದ ಕಡೆ ನಾನಿಲ್ಲಿ "ಇಂಥವರು" ಎಂದು ಬರೆಯುತ್ತೇನೆ.

ವಾರದ ವೀಕಿನ್ಯಾಗ ಜೋಡಿ ಇ ಕುಂತಾವ ಕೂಡಿ,
ಸಂತಿಗೆ ಹೊಂಟಾರ ಇಂಥವರು, ಜೋಡೆತ್ತಿನ ಗಾಡಿ ಹೂಡಿ.

ಹೇಳಿ ಮುಗಿಸಿದವಳೇ ಕೂತು ಎರಡು ಇ ಹಾಕಿ ಸರಿಯಾಗಿ ಬರೆದಳು. ನಾನು ಬಾಯಿ ಬಿಟ್ಟುಕೊಂಡು ನೋಡಿದೆ. ಅಶಕ್ತಿಯ ವೀಕಿಗೂ ಒಂದಿತ್ತು.

ಜ್ವರದ ವೀಕಿನ್ಯಾಗ ಇ-ಗೆ ಎ ಆಸರಾ,
ಗಂಜಿ ಕುಡದ ಎದ್ದಾರ ಇಂಥವರು, ಇಲ್ಲ ಬ್ಯಾಸರಾ.

ನಾನು ಮೆಚ್ಚುವ ಮೊದಲೇ ಜಗಲಿಯಿಂದ ಗುಡುಗು ಬಂತು. "ನನ್ನ ಮಗಗ ಯಾಕ ಜ್ವರ ಬರಸ್ತೀ ಬೇ? ನಿನ್ನ ಇಂಗ್ಲಿಷಿನ ಸಲುವಾಗಿ ಅಂವ ಗಂಜಿ ಕುಡಿಬೇಕೇನು?"

ನೆಗೆಣ್ಣಿ ನಾಲಿಗೆ ಕಚ್ಚಿಕೊಂಡಳು. ನಾನು ಪರೀಕ್ಷೆ, ಅಂಕ, ಕೆಲಸ ಎಂದು ಏನೇನೋ ಹೇಳಿ ನೋಡಿದೆ. ಅತ್ತೆ ಕೇಳುವವರಲ್ಲ. ಹೆಸರು ಹೇಳಲಿ, ಒಡಪಿನಲ್ಲಿ ಹೇಳಿದರೆ ದೋಷವಿಲ್ಲ, ಆದರೆ ಹೆಸರಿನ ಪಕ್ಕದಲ್ಲಿ ರೋಗ, ಸಾವು, ಸೋಲು ಯಾವುದೂ ಸುಳಿಯಬಾರದು, ಹೆಸರು ಎರಡನೆಯ ಸಾಲಿನಲ್ಲೇ ಬರಬೇಕು ಎಂದು ಕಟ್ಟಪ್ಪಣೆಯಾಯಿತು. ಕೊನೆಗೆ ಜ್ವರ ನನ್ನ ಮೈದುನನನ್ನು ಬಿಟ್ಟು ಎಮ್ಮೆಯ ಕರುವಿಗೆ ಹತ್ತಿತು.

ಬಡಕಲ ಕರುವಿನ ವೀಕಿಗೆ ಇ-ಎ ಆಸರಾ,
ಹಾಲ ಕುಡಿಸಿ ಎಬ್ಬಿಸ್ಯಾರ ಇಂಥವರು, ಇಲ್ಲ ಬ್ಯಾಸರಾ.

"ಹಾಂ, ಈಗ ಚಲೋ ಆತು" ಎಂದರು ಅತ್ತೆ. ಅಂದಿನಿಂದ ಅವರೂ ಪಾಠಕ್ಕೆ ಸೇರಿದರು. ಅವರಿಗೆ ಇಂಗ್ಲಿಷಿನ ಒಂದು ಅಕ್ಷರವೂ ತಿಳಿಯದು, ಕನ್ನಡದ್ದೂ ತಿಳಿಯದು; ಆದರೆ ಒಡಪಿನ ತೂಕ ತಪ್ಪಿದರೆ ಬೆಳ್ಳುಳ್ಳಿ ಬಿಡಿಸುವ ಕೈ ನಿಲ್ಲುತ್ತಿತ್ತು. ಅತ್ತೆ ಪ್ರಾಸ ನೋಡುವುದು, ನಾನು ಸ್ಪೆಲ್ಲಿಂಗ್ ನೋಡುವುದು. ನಡುವೆ ನೆಗೆಣ್ಣಿ ಎರಡೂ ಕಡೆಯಿಂದ ಬೈಸಿಕೊಳ್ಳುತ್ತ, ನಗುತ್ತ, ಬರೆಯುತ್ತಿದ್ದಳು. ನಮ್ಮ ಮೂವರ ನಡುವೆ ಅಷ್ಟು ನಗು ಅದಕ್ಕೂ ಮೊದಲು ಯಾವ ಹಬ್ಬದಲ್ಲೂ ಆಗಿರಲಿಲ್ಲ. ಆ ಚಾಪೆಯ ಮೇಲೆ ಕೂತಾಗ ನಾನು ಅವರಿಬ್ಬರನ್ನೂ ಮನಸಾರೆ ಪ್ರೀತಿಸಿದೆ.

ದ್ರಾಕ್ಷಿ ಒಣಗಿಸುವ ಕಾಲ ಬಂದಾಗ ಅವಳಿಗೆ ದಿನವಿಡೀ ಶೆಡ್ಡಿನಲ್ಲಿ ಕೆಲಸ. ಬಲೆಯ ಮೇಲೆ ಹರಡುವುದು, ತಿರುವುವುದು, ಒಣಗಿದ್ದನ್ನು ಆರಿಸುವುದು. ಕೈ ಕೆಲಸ ಮಾಡುತ್ತಿದ್ದರೂ ಬಾಯಿ ಖಾಲಿ ಇರುತ್ತಿತ್ತು. ಹೀಗಾಗಿ ಗಂಡನ ಹೆಸರು ಕಳ್ಳಕವಟಗಿಯ ಆ ತೋಟದಲ್ಲಿ ಬೆಳಗಿನಿಂದ ಸಂಜೆಯವರೆಗೆ ಕೇಳತೊಡಗಿತು. ಇಷ್ಟು ವರ್ಷ ಒಂದು ಮದುವೆಯಿಂದ ಇನ್ನೊಂದು ಮದುವೆಯವರೆಗೆ ಕಾದಿದ್ದರೆ ಮಾತ್ರ ಕಿವಿಗೆ ಬೀಳುತ್ತಿದ್ದ ಹೆಸರು ಅದು. ಮೈದುನನಲ್ಲಿ ಒಂದು ಬದಲಾವಣೆ ಕಾಣಿಸಿತು. ಮೊದಲೆಲ್ಲ ಪಾಠದ ಹೊತ್ತಿಗೆ ತೋಟದ ಕಡೆ ಹೋಗಿಬಿಡುತ್ತಿದ್ದವನು ಈಗ ಹಗ್ಗ ಹುಡುಕಲು ಒಳಗೆ ಬರುವುದು, ಕಡ್ಡಿಪೆಟ್ಟಿಗೆ ಹುಡುಕಲು ಬರುವುದು, ನೀರು ಕುಡಿಯಲು ಬರುವುದು ಹೆಚ್ಚಾಯಿತು. "ಈಗೀಗ ಇವಗ ನೀರಡಿಕಿ ಬಾಳ ಆಗೇತಿ" ಎಂದು ಅತ್ತೆ ಯಾರಿಗೂ ಅಲ್ಲ ಎಂಬಂತೆ ಹೇಳಿದರು. ಆತ ತಂಬಿಗೆ ಅಲ್ಲೇ ಇಟ್ಟು ಹೊರಗೆ ಹೋದ.

ಅವನ ಮೇಲೇ ಕಟ್ಟಿದ್ದು ಒಂದಿತ್ತು. ಬರೆಯುವ ರೈಟಿನ ಮುಂದೆ ಡಬ್ಲ್ಯೂ ಇರುತ್ತದೆ, ಆದರೆ ಅದನ್ನು ಉಚ್ಚರಿಸುವುದಿಲ್ಲ ಎಂದು ನಾನು ಹೇಳಿದಾಗ, ಮಾತಾಡದ ಅಕ್ಷರಕ್ಕೆ ಅಲ್ಲಿ ಏನು ಕೆಲಸ ಎಂದು ಅವಳು ವಾದಕ್ಕೆ ನಿಂತಳು. ಅದು ಇಲ್ಲದಿದ್ದರೆ ಆ ಪದದ ಗುರುತೇ ಸಿಗುವುದಿಲ್ಲ ಎಂದೆ. ಅವಳು ಬಾಗಿಲ ಕಡೆ ಒಂದು ಸಲ ನೋಡಿ, ಬೇಕೆಂದೇ ದನಿ ಎತ್ತರಿಸಿ ಹೇಳಿದಳು.

ಬರಿಯೂ ರೈಟಿನ ಮುಂದ ಡಬ್ಲ್ಯೂ ಐತಿ ಮಾತಿಲ್ಲದ,
ಮನ್ಯಾಗ ಇರತಾರ ಇಂಥವರು, ಹಂಗ ಸದ್ದಿಲ್ಲದ.

ಬಾಗಿಲಾಚೆ ಯಾರೋ ಕೆಮ್ಮಿದ ಸದ್ದಾಯಿತು. ಅತ್ತೆಗೆ ನಗು ತಡೆಯಲಾಗದೆ ಬೆಳ್ಳುಳ್ಳಿಯ ಮೊರವೇ ಉರುಳಿತು.

ನಾನು ಈ ಉಪಾಯವನ್ನು ಬಬಲೇಶ್ವರದ ಕಡೆಯ ನನ್ನ ಶಾಲೆಗೂ ಒಯ್ದು ನೋಡಿದೆ. ಯಶಸ್ಸೇನೂ ಆಗಲಿಲ್ಲ. ಹುಡುಗಿಯರು ಒಡಪಿನಲ್ಲಿ ಯಾರ ಹೆಸರು ಹಾಕಬೇಕೆಂದು ಕೇಳಿ ಒಬ್ಬರಮೇಲೊಬ್ಬರು ಬಿದ್ದು ನಕ್ಕರು. ಒಬ್ಬಳು ತನ್ನ ಅಜ್ಜನ ಹೆಸರು ಹಾಕಿದಳು, ಇನ್ನೊಬ್ಬಳು ತನ್ನ ಮೇಕೆಯದು. ಇತ್ತ ಜಲನಗರದಲ್ಲಿ ನಮ್ಮವರಿಗೆ ಒಳಗೊಳಗೇ ಹೊಟ್ಟೆಕಿಚ್ಚು. "ತಮ್ಮನ ಹೆಸರಿಗೆ ಇಷ್ಟ ಒಡಪ. ನನ್ನ ಹೆಸರಿಗೆ ಒಂದಾದ್ರೂ ಐತೇನು?" ಎಂದು ಚಹಾ ಕುಡಿಯುತ್ತ ಕೇಳಿದರು. "ನನಗ್ಯಾವ ಪರೀಕ್ಷಾ ಐತ್ರಿ?" ಎಂದೆ. ಆದರೆ ಮರುದಿನ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ಒಂದು ಕಟ್ಟಿದೆ. ಅದನ್ನು ಅವರಿಗೆ ಹೇಳಿಲ್ಲ, ಇಲ್ಲೂ ಬರೆಯುವುದಿಲ್ಲ. ಪ್ರಾಸ ಅಷ್ಟೇನೂ ಚೆನ್ನಾಗಿಲ್ಲ.

ಪರೀಕ್ಷೆ ಹತ್ತಿರ ಬಂದಾಗ ಮನೆಯಲ್ಲೇ ಒಂದು ಪ್ರಶ್ನೆಪತ್ರಿಕೆ ಕೊಟ್ಟು ಬರೆಸಿದೆ. ಉತ್ತರಗಳೆಲ್ಲ ಮುಕ್ಕಾಲು ಪಾಲು ಸರಿ. ಆದರೆ ಹಾಳೆಯ ಅಂಚಿನ ತುಂಬ ಕನ್ನಡದಲ್ಲಿ ಒಡಪುಗಳು, ಒಂದೊಂದರಲ್ಲೂ ನನ್ನ ಮೈದುನನ ಹೆಸರು. ಉತ್ತರಪತ್ರಿಕೆಯಲ್ಲಿ ಯಾರದಾದರೂ ಹೆಸರು ಬರೆದರೆ ಗುರುತು ಕೊಟ್ಟಂತೆ, ಅದು ನಿಯಮಕ್ಕೆ ವಿರುದ್ಧ, ಪರೀಕ್ಷೆಯನ್ನೇ ರದ್ದು ಮಾಡಬಹುದು ಎಂದು ಹೇಳಿದೆ. ನೆಗೆಣ್ಣಿಯ ಮುಖ ಸಣ್ಣದಾಯಿತು. ಅತ್ತೆಗೆ ಮಾತ್ರ ಬಹಳ ಸಂತೋಷವಾಯಿತು. "ನೋಡಿದ್ಯಾ? ಗಂಡನ ಹೆಸರ ಬರಿಬಾರದು, ಹೇಳಬಾರದು ಅಂತ ಸರಕಾರದವ್ರಿಗೂ ಗೊತ್ತೈತಿ" ಎಂದರು. ಪರೀಕ್ಷಾ ಮಂಡಳಿಯವರೂ ನಮ್ಮತ್ತೆಯೂ ಒಂದೇ ಮಾತಿನ ಮೇಲೆ ನಿಂತದ್ದನ್ನು ನಾನು ನೋಡಿದ್ದು ಅದೊಂದೇ ಸಲ.

"ಬರಿಯಂಗಿಲ್ರಿ, ಬಾಯಾಗ ಅಂದ್ಕೋತೇನಿ" ಎಂದಳು ನೆಗೆಣ್ಣಿ. ಅಷ್ಟಕ್ಕೆ ನಾನೂ ಒಪ್ಪಿದೆ. ಪರೀಕ್ಷೆಯ ಕೋಣೆಯಲ್ಲಿ ಬಾಯಿಗೂ ಬೀಗವಿರುತ್ತದೆ ಎಂಬುದು, ಇಷ್ಟು ವರ್ಷ ಅಂಥ ಕೋಣೆಗಳಲ್ಲಿ ಮೇಲ್ವಿಚಾರಣೆ ಮಾಡಿದ ನನಗೇ ಹೊಳೆಯಲಿಲ್ಲ.

ಪರೀಕ್ಷೆ ಟಿಕೋಟಾದಲ್ಲಿತ್ತು. ನಾನು ರಜೆ ಹಾಕಿ ಹೋದೆ. ಮೈದುನ ಅವಳನ್ನು ಬೈಕಿನಲ್ಲಿ ಕರೆತಂದ. ಅತ್ತೆ ಮೊಸರು ಸಕ್ಕರೆ ತಿನ್ನಿಸಿ ಕಳಿಸಿದ್ದರು. ತನ್ನ ಮಗಳ ವಯಸ್ಸಿನ ಮಕ್ಕಳ ನಡುವೆ ಅವಳು ಸೆರಗು ಬಿಗಿ ಮಾಡಿಕೊಂಡು ಗೇಟು ದಾಟಿದಳು, ತಿರುಗಿ ನೋಡಲಿಲ್ಲ. ನಾನೂ ಮೈದುನನೂ ರಸ್ತೆಯಾಚೆ ಬೇವಿನ ಮರದ ಕೆಳಗೆ ನಿಂತೆವು. ಬಿಸಿಲು ಸುಡುತ್ತಿತ್ತು. ಆತ ಎರಡು ಸಲ ಕಬ್ಬಿನ ಹಾಲು ತಂದುಕೊಟ್ಟ, ತಾನು ಕುಡಿಯಲಿಲ್ಲ.

ಹೊರಗೆ ಬಂದ ನೆಗೆಣ್ಣಿಯ ಮುಖ ಬಾಡಿತ್ತು. ಬಂದವಳೇ ಮರದ ಬೇರಿನ ಮೇಲೆ ಕುಸಿದು ಕೂತಳು. ಮೆಲ್ಲಗೆ ಒಂದೊಂದೇ ಬಿಡಿಸಿ ಹೇಳಿದಳು. ಮೊದಲ ಪುಟ ಚೆನ್ನಾಗಿ ಹೋಯಿತಂತೆ. ಜೋಡಿ ಪದಗಳು ಬಂದಾಗ ತುಟಿ ಅಲುಗಾಡಿಸಿದಳಂತೆ. ಮೇಲ್ವಿಚಾರಕಿ ಬಂದು ತಲೆಯ ಮೇಲೆ ನಿಂತು, "ಏನ್ರೀ ಅದು ಗುಣ ಗುಣ?" ಎಂದು ಕೇಳಿದರಂತೆ.

"ನೀ ಏನಂದಿ?" ಎಂದೆ.

"ಗಂಡನ ಹೆಸರ ಹೇಳಾಕತ್ತೇನ್ರಿ ಅಂದ್ನಿ."

ಮೈದುನ ಮುಖ ಅತ್ತ ತಿರುಗಿಸಿದ. ಮೇಲ್ವಿಚಾರಕಿ ನಕ್ಕರಂತೆ, ಬೈಯಲಿಲ್ಲವಂತೆ; ಮನಸ್ಸಿನಲ್ಲೇ ಹೇಳಿಕೊಳ್ಳಿ, ಬೇರೆಯವರಿಗೆ ತೊಂದರೆಯಾಗುತ್ತದೆ ಎಂದರಂತೆ. ನೆಗೆಣ್ಣಿ ಮನಸ್ಸಿನಲ್ಲೇ ಹೇಳಿಕೊಳ್ಳಲು ನೋಡಿದಳು. ಒಡಪು ಅರ್ಧಕ್ಕೆ ಮುರಿಯಿತು. ಬಾಯಿ ಬಿಟ್ಟು ಹೇಳಿಯೇ ಗೊತ್ತಿದ್ದವಳಿಗೆ ಬಾಯಿ ಮುಚ್ಚಿ ಹೇಳಿದರೆ ಪ್ರಾಸ ಸಿಗಲಿಲ್ಲ. ಪತ್ರದಲ್ಲಿ ಏನು ಬರೆದಳೋ ಅವಳಿಗೇ ನೆನಪಿರಲಿಲ್ಲ, ಪ್ರಬಂಧ ಅರ್ಧಕ್ಕೇ ನಿಂತಿತ್ತು.

"ಹೋತ್ರಿ ಅಕ್ಕಾ" ಎಂದಳು. ಅಳಲಿಲ್ಲ. ಅತ್ತಿದ್ದರೆ ನನಗೆ ಸುಲಭವಾಗುತ್ತಿತ್ತು. ಪಾಸಾಗಲು ಅಷ್ಟೇನೂ ಬೇಡ, ಆಗುತ್ತದೆ, ನಾನು ಇಂಥ ಪತ್ರಿಕೆಗಳನ್ನು ಎಷ್ಟೋ ನೋಡಿದ್ದೇನೆ ಎಂದೆಲ್ಲ ಸಮಾಧಾನ ಹೇಳಿದೆ. ನನ್ನ ಮಾತಿನ ಮೇಲೆ ನನಗೇ ನಂಬಿಕೆ ಇರಲಿಲ್ಲ. ಮೈದುನ ಬೈಕು ಚಾಲೂ ಮಾಡಿದ, ಅವಳು ಹಿಂದೆ ಕೂತಳು, ಇಬ್ಬರೂ ಹೊರಟರು. ನನಗೆ ನನ್ನ ಮಗುವೇ ಸೋತು ಬಂದಷ್ಟು ಸಂಕಟವಾಯಿತು.

ಆಮೇಲೆ ಆ ಮನೆಯಲ್ಲಿ ಒಡಪು ನಿಂತಿತು. ಪರೀಕ್ಷೆಯೇ ಮುಗಿದ ಮೇಲೆ ಹೆಸರು ಹೇಳುವ ಕಾರಣವೂ ಮುಗಿಯಿತಲ್ಲ. ಅತ್ತೆ ಫೋನಿನಲ್ಲಿ, "ಮನಿ ಬಿಕೋ ಅನ್ನಾಕತ್ತೈತಿ ಯವ್ವಾ" ಎಂದರು. ಊರಿನ ಆಯಾ ನಿವೃತ್ತಿಯಾದ ದಿನ ಅಂಗನವಾಡಿಯಲ್ಲಿ ಸಣ್ಣ ಸಮಾರಂಭ ಇಟ್ಟಿದ್ದರಂತೆ. ನೆಗೆಣ್ಣಿ ಹೋಗಿ, ಅವರಿಗೆ ಅರಿಶಿನ ಕುಂಕುಮ ಕೊಟ್ಟು, ಊಟಕ್ಕೆ ನಿಲ್ಲದೆ ಮನೆಗೆ ಬಂದಳಂತೆ. ಒಂದು ದಿನ ಮೈದುನನೇ ಫೋನು ಮಾಡಿದ. ಅವನು ನನಗೆ ಫೋನು ಮಾಡುವುದೇ ಅಪರೂಪ. ಎಮ್ಮೆ, ತೋಟ, ಬಿಸಿಲು ಎಂದು ಸುತ್ತಿ ಬಳಸಿ ಕೊನೆಗೆ, "ವೈನಿ, ಆಕಿಗೆ ಇನ್ನ ಯಾವುದಾದ್ರೂ ಪರೀಕ್ಷಾ ಅದಾವೇನ್ರಿ?" ಎಂದು ಕೇಳಿದ. ಯಾಕಪ್ಪಾ ಎಂದೆ. "ಏನಿಲ್ರಿ, ಹಂಗ ಕೇಳಿದ್ನಿ" ಎಂದು ಇಟ್ಟುಬಿಟ್ಟ.

ಫಲಿತಾಂಶ ಬಂದ ದಿನ ನಾನು ಜಲನಗರದ ಮನೆಯಲ್ಲಿದ್ದೆ. ಬೇಸಿಗೆ ರಜೆ. ಮೊಬೈಲಿನಲ್ಲಿ ಅವಳ ನೋಂದಣಿ ಸಂಖ್ಯೆ ಹಾಕಿದರೆ ಚಕ್ರ ತಿರುಗುತ್ತದೆ, ತೆರೆಯುವುದಿಲ್ಲ. ಬೆರಳು ಬೆವೆತು ಜಾರುತ್ತಿತ್ತು. ನಮ್ಮವರು ಪಕ್ಕದಲ್ಲಿ ನಿಂತು, "ತಾ ಇಲ್ಲೆ" ಎಂದು ಕಸಿದುಕೊಳ್ಳಲು ನೋಡಿದರು, ಕೊಡಲಿಲ್ಲ. ತೆರೆದಾಗ ಮೊದಲು ಅಂಕ ನೋಡಲು ಧೈರ್ಯವಾಗದೆ ಕೆಳಗಿನ ಸಾಲನ್ನೇ ನೋಡಿದೆ. ಪಾಸ್. ಅಂಚಿನಲ್ಲೇ ಪಾಸಾಗಿದ್ದಳು, ಆದರೆ ಪಾಸ್. ನಾನು ಅಲ್ಲೇ ಕುರ್ಚಿಯಲ್ಲಿ ಕೂತು ಅತ್ತುಬಿಟ್ಟೆ. ನಮ್ಮವರು ಗಾಬರಿಯಾಗಿ ಫೇಲಾಗಿದ್ದಾಳೆ ಎಂದೇ ತಿಳಿದು ನನ್ನ ಬೆನ್ನು ಸವರಿದರು.

ನೆಗೆಣ್ಣಿಗೆ ಫೋನು ಹಚ್ಚಿದೆ, ಎತ್ತಲಿಲ್ಲ. ಮೈದುನನಿಗೆ ಹಚ್ಚಿದೆ. ಅವನು ಎತ್ತಿದ. "ಆಕಿ ಎಲ್ಲಿ? ಪಾಸಾಗ್ಯಾಳ" ಎಂದೆ.

ಆ ಕಡೆಯಿಂದ ಓಡುವ ಸದ್ದು. ಫೋನು ಬಂದ್ ಮಾಡುವುದನ್ನು ಮರೆತು ಕೈಯಲ್ಲೇ ಹಿಡಿದು ಓಡುತ್ತಿದ್ದ. ಒಣ ಎಲೆ ತುಳಿದದ್ದು, ಏದುಸಿರು, ಪಕ್ಕದ ತೋಟದಲ್ಲಿ ಔಷಧ ಹೊಡೆಯುವ ಟ್ರ್ಯಾಕ್ಟರಿನ ಗದ್ದಲ, ಎಲ್ಲ ನನಗೆ ಕೇಳಿಸುತ್ತಿತ್ತು. ನೆಗೆಣ್ಣಿ ತೋಟದ ಆ ತುದಿಯಲ್ಲಿ ಹೊಸ ಚಿಗುರು ಕಟ್ಟುತ್ತಿದ್ದಳೆಂದು ಆಮೇಲೆ ತಿಳಿಯಿತು.

"ಏ" ಎಂದು ಕರೆದ. ಟ್ರ್ಯಾಕ್ಟರಿನ ಸದ್ದಿನಲ್ಲಿ ಅದು ಎಲ್ಲಿಯೂ ಮುಟ್ಟಲಿಲ್ಲ. "ಏ, ಕೇಳಿಲ್ಲೆ" ಎಂದ. ಅದೂ ಮುಟ್ಟಲಿಲ್ಲ.

ಆಗ ಅವನು ಅವಳ ಹೆಸರು ಹಿಡಿದು ಕೂಗಿದ. ಗಟ್ಟಿಯಾಗಿ, ಊರಿಗೆ ಕೇಳುವ ಹಾಗೆ. ಮುಂದೆ ಹಿಂದೆ ಯಾವ ಪ್ರಾಸವೂ ಇರಲಿಲ್ಲ.

ಟ್ರ್ಯಾಕ್ಟರ್ ಆಚೆ ಸಾಲಿಗೆ ತಿರುಗಿರಬೇಕು, ಗದ್ದಲ ಸ್ವಲ್ಪ ದೂರವಾಯಿತು. ಬಳೆಯ ಸದ್ದು ಹತ್ತಿರ ಬಂತು.

"ಏನಂದ್ರಿ?" ಎಂದಳು ನೆಗೆಣ್ಣಿ.

"ಪಾಸಾಗಿ" ಎಂದ. ಅವನಿಗೆ ಉಸಿರು ಸಿಗುತ್ತಿರಲಿಲ್ಲ. "ವೈನಿ ಫೋನ್ ಹಚ್ಚಿದ್ರು. ಪಾಸಾಗಿ ನೀ."

ಅವಳು ಅಳುತ್ತಿದ್ದಳು, ಅದು ನನಗೆ ಕೇಳಿಸಿತು. ಮೂಗು ಏರಿಸಿಕೊಂಡು, ಮತ್ತೆ ಕೇಳಿದಳು.

"ಅದಲ್ರಿ. ಅದಕ್ಕಿಂತ ಮೊದಲ ಏನಂದ್ರಿ?"

ಅವನು ಇನ್ನೊಮ್ಮೆ ಹೇಳಿದ, ಈ ಸಲ ಮೆತ್ತಗೆ, ಪಕ್ಕದಲ್ಲಿ ನಿಂತವಳಿಗೆ ಮಾತ್ರ ಕೇಳುವಷ್ಟು. ನಾನು ಫೋನು ಇಟ್ಟೆ.